ಶನಿಗ್ರಹವನ್ನು ಅಂಜದೆ ನೋಡಿದ ವಿಶ್ವಾಸಿ

ಶನಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಮಗ ಎರಡು ಸಾರಿ ಪರೀಕ್ಷೆಯಲ್ಲಿ ನಪಾಸಾದರೆ, ಕೂಡಿಬಂದ ಸಂಬಂಧ ಮುರಿದುಬಿದ್ದರೆ, ಅಂಗಡಿಯ ವ್ಯಾಪಾರ ಕುಸಿದರೆ, ಏಳರಾಟದ ಶನಿ ಹಿಡಿದಿದೆ ಎಂಬ ಮಾತು ನಮ್ಮ ಓಣಿಗಳಲ್ಲಿ ಸಾಮಾನ್ಯ. ನಾವು ಕ್ರೈಸ್ತರು, ನಮಗೆ ಅದೆಲ್ಲ ಇಲ್ಲ ಎಂದು ಬಾಯಲ್ಲಿ ಹೇಳುತ್ತೇವೆ. ಆದರೂ ಮಗಳ ಮದುವೆಯ ಮಾತು ಬಂದಾಗ ಗುಟ್ಟಾಗಿ ಜಾತಕ ತೋರಿಸಿ ಬರುವ, ಪತ್ರಿಕೆ ಬಿಚ್ಚಿದೊಡನೆ ಮೊದಲು ರಾಶಿಫಲಕ್ಕೆ ಕಣ್ಣು ಹಾಯಿಸುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ?

ಇಂದು ನಿಮಗೆ ಒಬ್ಬ ಕಥೋಲಿಕ ಗೃಹಸ್ಥರ ಜೀವನವನ್ನು ಪರಿಚಯ ಮಾಡಿಕೊಡುತ್ತೇನೆ. ಅವರು ಹರೆಯದಲ್ಲಿ ಜ್ಯೋತಿಷ್ಯದ ಬೆನ್ನುಹತ್ತಿದ್ದವರು. ಅದರಲ್ಲಿ ಹುರುಳಿಲ್ಲವೆಂದು ಕಂಡುಕೊಂಡು ಅದನ್ನು ಬಿಟ್ಟವರು. ಆಮೇಲೆ ಯುರೋಪಿನ ಜನ ಕೂಡ ಅಪಶಕುನವೆಂದು ಅಂಜುತ್ತಿದ್ದ ಅದೇ ಶನಿಗ್ರಹದ ಕಡೆಗೆ ದೂರದರ್ಶಕ ತಿರುಗಿಸಿ, ಅಲ್ಲಿ ಶಾಪವನ್ನಲ್ಲ, ದೇವರ ಸೃಷ್ಟಿಯ ಅಂದವನ್ನು ಕಂಡವರು. ಅವರೇ ಜೊವಾನ್ನಿ ದೊಮೆನಿಕೊ ಕ್ಯಾಸಿನಿ. ಅವರು ತೀರಿಕೊಂಡು ಮುನ್ನೂರು ವರ್ಷಗಳು ದಾಟಿವೆ. ಆದರೆ ಅವರ ಹೆಸರು ಹೊತ್ತ ಗಗನನೌಕೆಯೊಂದು 2004ರಿಂದ 2017ರವರೆಗೆ ಅದೇ ಶನಿಗ್ರಹವನ್ನು ಸುತ್ತಿ, ಲಕ್ಷಾಂತರ ಚಿತ್ರಗಳನ್ನು ನಮಗೆ ಕಳುಹಿಸಿಕೊಟ್ಟಿತು.

ಸೋದರಮಾವನ ಆಸರೆಯಲ್ಲಿ

ಕ್ಯಾಸಿನಿಯವರು ಹುಟ್ಟಿದ್ದು 1625ರ ಜೂನ್ 8ರಂದು, ಈಗಿನ ಇಟಲಿಯಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರದ ಪೆರಿನಾಲ್ಡೊ ಎಂಬ ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ. ತಂದೆ ಜಾಕೊಪೊ, ತಾಯಿ ಜೂಲಿಯಾ. ಆದರೆ ಮಗುವನ್ನು ಸಾಕಿ ಬೆಳೆಸಿದ್ದು ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬರು. ಸೋದರಮಾವನ ಮನೆಯಲ್ಲಿ ಬೆಳೆದು ದೊಡ್ಡವರಾದವರು ನಮ್ಮ ನಡುವೆಯೂ ಎಷ್ಟು ಜನರಿದ್ದಾರೆ! ಹೆತ್ತವರ ಮನೆಯಿಂದ ದೂರವಿದ್ದ ಈ ಹುಡುಗನಿಗೆ ವಿದ್ಯೆಯ ಬಾಗಿಲು ಮಾತ್ರ ಮುಚ್ಚಲಿಲ್ಲ. ಊರಿನ ಸಮೀಪ ಆರಂಭದ ಓದು ಮುಗಿಸಿ, ಮುಂದೆ ಜಿನೋವಾ ನಗರದಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ವಿದ್ಯಾಲಯವನ್ನು ಸೇರಿದರು. ಕಾವ್ಯ, ಗಣಿತ, ಆಕಾಶಶಾಸ್ತ್ರ ಎಲ್ಲದರಲ್ಲೂ ಚುರುಕು.

ಆ ಕಾಲದಲ್ಲಿ ಆಕಾಶ ನೋಡುವವನೆಂದರೆ ಜ್ಯೋತಿಷ್ಯ ಹೇಳುವವನೆಂದೇ ಜನರ ಎಣಿಕೆ. ಯುವಕ ಕ್ಯಾಸಿನಿ ಕೂಡ ಜ್ಯೋತಿಷ್ಯದ ಗ್ರಂಥಗಳನ್ನು ಹುಡುಕಿ ಹುಡುಕಿ ಓದಿದರು. ಆದರೆ ಓದಿದಷ್ಟೂ ಸಂಶಯವೇ ಹೆಚ್ಚಿತು. ಗ್ರಹಗಳು ಮನುಷ್ಯರ ಹಣೆಬರಹವನ್ನು ಬರೆಯುತ್ತವೆಂಬ ಮಾತಿಗೆ ಆಧಾರವೇ ಇಲ್ಲವೆಂದು ಅವರಿಗೆ ಮನವರಿಕೆಯಾಯಿತು. ವಿಚಿತ್ರವೆಂದರೆ, ಅವರಿಗೆ ಮೊದಲ ಕೆಲಸ ಸಿಕ್ಕಿದ್ದು ಜ್ಯೋತಿಷ್ಯದಲ್ಲಿ ಆಸಕ್ತಿಯಿದ್ದ ಒಬ್ಬ ಶ್ರೀಮಂತರಿಂದ! ಬೊಲೊನ್ಯಾ ನಗರದ ಮಾಲ್ವಾಸಿಯಾ ಎಂಬ ಆ ಶ್ರೀಮಂತರು ತಮ್ಮ ಖಾಸಗಿ ವೀಕ್ಷಣಾಲಯಕ್ಕೆ ಈ ಯುವಕನನ್ನು ಕರೆಸಿಕೊಂಡರು. ಒಳ್ಳೆಯ ಉಪಕರಣಗಳು ಕೈಗೆ ಸಿಕ್ಕವು. ಕ್ಯಾಸಿನಿಯವರು ಅವುಗಳನ್ನು ಭವಿಷ್ಯ ಹೇಳಲು ಬಳಸದೆ, ಅಳೆಯಲು ಬಳಸಿದರು.

ಬೊಲೊನ್ಯಾದಲ್ಲಿ ರಿಚ್ಚೋಲಿ ಮತ್ತು ಗ್ರಿಮಾಲ್ಡಿ ಎಂಬ ಇಬ್ಬರು ಯೇಸುಸಭೆಯ ಗುರುಗಳಿದ್ದರು. ಇಬ್ಬರೂ ದೊಡ್ಡ ವಿಜ್ಞಾನಿಗಳು. ಚಂದ್ರನ ಮೇಲಿನ ಕುಳಿಗಳಿಗೆ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವರು ರಿಚ್ಚೋಲಿ. ಬೆಳಕು ಅಂಚುಗಳಲ್ಲಿ ಬಾಗುತ್ತದೆಂದು ತೋರಿಸಿದವರು ಗ್ರಿಮಾಲ್ಡಿ. ಈ ಗುರುಗಳ ಒಡನಾಟದಲ್ಲಿ ಕ್ಯಾಸಿನಿಯವರ ವಿದ್ಯೆ ಪಕ್ವವಾಯಿತು. 1650ರಲ್ಲಿ, ಕೇವಲ 25ರ ಹರೆಯದಲ್ಲಿ, ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ದೇವಾಲಯದ ನೆಲಕ್ಕಿಳಿದ ಸೂರ್ಯ

ಬೊಲೊನ್ಯಾದ ನಡುವೆ ಸಂತ ಪೆತ್ರೋನಿಯೊರವರ ಹೆಸರಿನ ಭವ್ಯ ಮಹಾದೇವಾಲಯವಿದೆ. ನೀವು ಎಂದಾದರೂ ಅಲ್ಲಿಗೆ ಯಾತ್ರೆ ಹೋದರೆ ಎಡಗಡೆಯ ನೆಲವನ್ನು ನೋಡಿ. ಚಂದ್ರಕಾಂತ ಶಿಲೆಯ ನಡುವೆ ಲೋಹದ ಒಂದು ನೀಳ ಗೆರೆ ಸುಮಾರು 67 ಮೀಟರ್ ಉದ್ದಕ್ಕೆ ಹಾದುಹೋಗುತ್ತದೆ. ಅದರ ನೇರಕ್ಕೆ ಮೇಲೆ, 27 ಮೀಟರ್ ಎತ್ತರದ ಚಾವಣಿಯಲ್ಲಿ, ಒಂದು ಸಣ್ಣ ತೂತು. ದಿನವೂ ಮಧ್ಯಾಹ್ನ ಆ ತೂತಿನಿಂದಿಳಿದ ಬಿಸಿಲು ನೆಲದ ಮೇಲೆ ಗುಂಡನೆಯ ಬೆಳಕಿನ ಬಿಲ್ಲೆಯಾಗಿ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಸೂರ್ಯ ಮೇಲಿರುವಾಗ ಬಿಲ್ಲೆ ತೂತಿಗೆ ಹತ್ತಿರ ಬೀಳುತ್ತದೆ. ಚಳಿಗಾಲದಲ್ಲಿ ದೂರದ ತುದಿಗೆ ಸರಿಯುತ್ತದೆ. ಇದನ್ನು 1655ರಲ್ಲಿ ನಿರ್ಮಿಸಿದವರು ನಮ್ಮ ಕ್ಯಾಸಿನಿಯವರು.

ದೇವರ ಮನೆಯಲ್ಲಿ ಇಂಥ ಯಂತ್ರ ಏಕೆ ಎಂದು ಕೇಳುತ್ತೀರಾ? ಪಾಸ್ಕ ಹಬ್ಬಕ್ಕಾಗಿ! ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನವನ್ನು ಹಿಡಿದು, ಅನಂತರದ ಹುಣ್ಣಿಮೆಯಾದ ಮೇಲೆ ಬರುವ ಭಾನುವಾರವೇ ಪ್ರಭುವಿನ ಪುನರುತ್ಥಾನದ ಹಬ್ಬ. ಹಳೆಯ ಪಂಚಾಂಗದಲ್ಲಿ ಲೆಕ್ಕ ತಪ್ಪಿ ಹತ್ತು ದಿನಗಳ ವ್ಯತ್ಯಾಸ ಬೆಳೆದುಬಿಟ್ಟಿತ್ತು. ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು 1582ರಲ್ಲಿ ಅದನ್ನು ತಿದ್ದಿದರು. ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರು ಇಂದಿಗೂ ಅವರದೇ. ಆ ತಿದ್ದುಪಡಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸೂರ್ಯನನ್ನು ವರ್ಷವಿಡೀ ನಿಖರವಾಗಿ ಅಳೆಯಬೇಕಿತ್ತು. ಅದಕ್ಕೆ ಎತ್ತರವಾದ, ಕತ್ತಲಾದ, ಅಲುಗಾಡದ ಕಟ್ಟಡ ಬೇಕು. ದೊಡ್ಡ ದೇವಾಲಯಕ್ಕಿಂತ ಒಳ್ಳೆಯ ಕಟ್ಟಡ ಎಲ್ಲಿದೆ? ಅದೇ ದೇವಾಲಯದಲ್ಲಿ ದೊಮಿನಿಕನ್ ಸಭೆಯ ದಾಂತಿ ಎಂಬುವರು ಹಿಂದೆಯೇ ಒಂದು ರೇಖೆ ಹಾಕಿದ್ದರು. ದೇವಾಲಯವನ್ನು ವಿಸ್ತರಿಸುವಾಗ ಅದು ಕೆಲಸಕ್ಕೆ ಬಾರದಂತಾಯಿತು. ಕ್ಯಾಸಿನಿಯವರು ಅದಕ್ಕಿಂತ ಬಹಳ ದೊಡ್ಡದನ್ನು ಮಾಡಲು ಮುಂದಾದರು.

ಕಂಬಗಳು ಅಡ್ಡ ಬರುತ್ತವೆ, ಬಿಸಿಲು ಕಂಬಕ್ಕೆ ಬಡಿಯುತ್ತದೆ ಎಂದು ಹಲವರು ತಲೆಯಾಡಿಸಿದರು. ಕ್ಯಾಸಿನಿಯವರ ಲೆಕ್ಕ ತಪ್ಪಲಿಲ್ಲ. 1655ರ ಜೂನ್ ತಿಂಗಳಲ್ಲಿ, ವರ್ಷದ ಅತಿ ದೀರ್ಘ ಹಗಲಿನ ದಿನಗಳಲ್ಲಿ, ಜನ ಸೇರಿ ನೋಡುತ್ತಿದ್ದಂತೆ ಬೆಳಕು ಕಂಬಗಳ ನಡುವೆ ನುಸುಳಿ ಗೆರೆಯ ಮೇಲೆ ಬಂದು ನಿಂತಿತು.

ಇನ್ನೂ ಮುಖ್ಯವಾದ ಸಂಗತಿ ಮುಂದಿದೆ. ಚಳಿಗಾಲದಲ್ಲಿ ಸೂರ್ಯ ನಮಗೆ ಸ್ವಲ್ಪ ಹತ್ತಿರ, ಬೇಸಿಗೆಯಲ್ಲಿ ಸ್ವಲ್ಪ ದೂರ. ಹಾಗಾದರೆ ಸೂರ್ಯಬಿಂಬದ ಗಾತ್ರ ಎಷ್ಟು ಬದಲಾಗಬೇಕು? ಪ್ರಾಚೀನರ ಸಿದ್ಧಾಂತದ ಪ್ರಕಾರ ಒಂದು ಲೆಕ್ಕ. ಜರ್ಮನಿಯ ಕೆಪ್ಲರ್ ಎಂಬ ಪ್ರೊಟೆಸ್ಟೆಂಟ್ ವಿಜ್ಞಾನಿಯ ಪ್ರಕಾರ ಅದರಲ್ಲಿ ಅರ್ಧ. ಕ್ಯಾಸಿನಿಯವರು ದೇವಾಲಯದ ನೆಲದ ಮೇಲೆ ಬಿಲ್ಲೆಯನ್ನು ಅಳೆದು ನೋಡಿದರು. ಕೆಪ್ಲರ್ ಹೇಳಿದ್ದೇ ಸರಿಯೆಂದು ಕಂಡಿತು. ಸುತ್ತುವುದು ಸೂರ್ಯನೋ ಭೂಮಿಯೋ ಎಂಬುದನ್ನು ಆ ಅಳತೆ ತೀರ್ಮಾನಿಸಲಿಲ್ಲ, ನಿಜ. ಆದರೆ ಯೋಚಿಸಿ ನೋಡಿ: ಗೆಲಿಲಿಯೋ ವಿಚಾರಣೆ ನಡೆದದ್ದು 1633ರಲ್ಲಿ. ಅದಾಗಿ 22 ವರ್ಷಗಳಿಗೆ, ಜಗದ್ಗುರುಗಳ ಆಳ್ವಿಕೆಗೆ ಸೇರಿದ ನಗರದ ಮುಖ್ಯ ದೇವಾಲಯವೊಂದರಲ್ಲೇ, ಹೊಸ ಖಗೋಳವಿಜ್ಞಾನಕ್ಕೆ ಬಲವಾದ ಸಾಕ್ಷಿಯೊಂದು ಸಿಕ್ಕಿತು. ಗೆಲಿಲಿಯೋಗೆ ಅನ್ಯಾಯವಾಯಿತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಆಗಿನ ತಪ್ಪನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ಆದರೆ ಧರ್ಮಸಭೆಗೂ ವಿಜ್ಞಾನಕ್ಕೂ ಹುಟ್ಟಾ ಹಗೆತನವೆಂದು ನಿಮ್ಮ ಮಕ್ಕಳಿಗೆ ಯಾರಾದರೂ ಹೇಳಿದರೆ, ಆ ದೇವಾಲಯದ ನೆಲವನ್ನೂ ನೆನಪಿಸಿ.

ಜಗದ್ಗುರುಗಳ ಸೇವೆ, ಗೃಹಸ್ಥರ ಕರೆ

ಕ್ಯಾಸಿನಿಯವರು ಆಕಾಶಕ್ಕೆ ಮುಖ ಮಾಡಿ ನೆಲವನ್ನು ಮರೆತವರಲ್ಲ. ಬೊಲೊನ್ಯಾ ಮತ್ತು ಫೆರಾರಾ ನಗರಗಳ ನಡುವೆ ನದಿ ನೀರಿನ ಹಳೆಯ ಜಗಳವಿತ್ತು. ನೆರೆ ಬಂದಾಗಲೆಲ್ಲ ಹೊಲಗದ್ದೆಗಳು ಮುಳುಗುತ್ತಿದ್ದವು. ನದಿ ನೀರಿನ ವ್ಯಾಜ್ಯ ಎಷ್ಟು ಕಠಿಣವೆಂದು ಕಾವೇರಿ ಸೀಮೆಯವರಿಗೆ ಬಿಡಿಸಿ ಹೇಳಬೇಕೇ? 1657ರಲ್ಲಿ ಬೊಲೊನ್ಯಾದ ಪರವಾಗಿ ರೋಮಿಗೆ ಹೋಗಿ ಈ ವಿಷಯವನ್ನು ವಿವರಿಸಿದವರಲ್ಲಿ ಕ್ಯಾಸಿನಿಯವರೂ ಒಬ್ಬರು. ಜಗದ್ಗುರು ಏಳನೆಯ ಅಲೆಕ್ಸಾಂಡರ್‌ರವರು ಅವರ ಜಾಣ್ಮೆಯನ್ನು ಮೆಚ್ಚಿ ನೀರಾವರಿ, ಕೋಟೆ ಕೊತ್ತಲಗಳ ಉಸ್ತುವಾರಿಯನ್ನು ಅವರಿಗೆ ವಹಿಸಿದರು. ಗುರುದೀಕ್ಷೆ ಪಡೆದು ತಮ್ಮ ಬಳಿಯೇ ಉಳಿಯಬೇಕೆಂದು ಕೂಡ ಅವರು ಆಶಿಸಿದ್ದರು. ಕ್ಯಾಸಿನಿಯವರು ದೈವಭಕ್ತರಾಗಿದ್ದರೂ ಅದು ತಮ್ಮ ಕರೆಯಲ್ಲವೆಂದು ವಿನಯದಿಂದ ಒಪ್ಪಲಿಲ್ಲ. ಗುರುಗಳಾಗಿಯೇ ದೇವರ ಸೇವೆ ಮಾಡಬೇಕೆಂದಿಲ್ಲ; ಗೃಹಸ್ಥರಾಗಿ, ತಮ್ಮ ಉದ್ಯೋಗವನ್ನು ಪ್ರಾಮಾಣಿಕವಾಗಿ ಮಾಡುವುದೂ ದೇವರ ಕರೆಯೇ ಅಲ್ಲವೇ?

ಇಷ್ಟೆಲ್ಲ ಓಡಾಟದ ನಡುವೆಯೂ ರಾತ್ರಿಗಳು ಆಕಾಶಕ್ಕೆ ಮೀಸಲು. ರೋಮಿನ ಕ್ಯಾಂಪಾನಿ ಎಂಬ ಕುಶಲಕರ್ಮಿ ತಯಾರಿಸಿದ ಶ್ರೇಷ್ಠ ಮಸೂರಗಳಿಂದ ಅವರು ಗುರುಗ್ರಹ ಸುಮಾರು 9 ಗಂಟೆ 56 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆಂದೂ, ಮಂಗಳಗ್ರಹ 24 ಗಂಟೆ 40 ನಿಮಿಷಕ್ಕೆ ತಿರುಗುತ್ತದೆಂದೂ ಕಂಡುಹಿಡಿದರು. 1668ರಲ್ಲಿ ಗುರುಗ್ರಹದ ಉಪಗ್ರಹಗಳ ಚಲನೆಯ ಪಟ್ಟಿಯನ್ನು ಪ್ರಕಟಿಸಿದರು. ಆ ಪಟ್ಟಿ ಫ್ರಾನ್ಸಿನ ಅರಮನೆಯವರೆಗೂ ಅವರ ಕೀರ್ತಿಯನ್ನು ಒಯ್ದಿತು.

ಪ್ಯಾರಿಸ್ಸಿನ ರಾತ್ರಿಗಳು

ದೊರೆ ಹದಿನಾಲ್ಕನೆಯ ಲೂಯಿ ಪ್ಯಾರಿಸ್ಸಿನಲ್ಲಿ ಒಂದು ದೊಡ್ಡ ವೀಕ್ಷಣಾಲಯ ಕಟ್ಟಿಸುತ್ತಿದ್ದರು. ಅವರ ಮಂತ್ರಿ ಕೊಲ್ಬೇರ್ ಒಳ್ಳೆಯ ಸಂಬಳ ಕೊಟ್ಟು ಕ್ಯಾಸಿನಿಯವರನ್ನು ಕರೆಸಿದರು. ಸ್ವಲ್ಪ ಕಾಲಕ್ಕೆಂದು ಜಗದ್ಗುರುಗಳ ಅಪ್ಪಣೆ ಪಡೆದು 1669ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಸೇರಿದ ಅವರು ಮತ್ತೆ ಇಟಲಿಯಲ್ಲಿ ನೆಲೆಸಲಿಲ್ಲ. 1673ರಲ್ಲಿ ಫ್ರಾನ್ಸಿನ ಪ್ರಜೆಯಾದರು. ಮರುವರ್ಷ ಜೆನೆವಿಯೆವ್ ಎಂಬುವರನ್ನು ವರಿಸಿದರು. ಇಬ್ಬರು ಗಂಡುಮಕ್ಕಳಾದರು.

ಶನಿಗ್ರಹದ ವಿಚಾರ ಆಗ ಎಲ್ಲಿಗೆ ಬಂದಿತ್ತು ಗೊತ್ತೇ? 1610ರಲ್ಲಿ ಗೆಲಿಲಿಯೋ ಅದನ್ನು ನೋಡಿದಾಗ ಎರಡು ಪಕ್ಕಗಳಲ್ಲಿ ಏನೋ ಗುಬುಟು ಕಂಡಿತ್ತು. ಅದೇನೆಂದು ಅವರಿಗೆ ಬಗೆಹರಿಯಲಿಲ್ಲ. ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ 1655ರಲ್ಲಿ ಶನಿಯ ದೊಡ್ಡ ಉಪಗ್ರಹ ಟೈಟನ್ ಅನ್ನು ಕಂಡರು. 1659ರಲ್ಲಿ ಆ ಗುಬುಟುಗಳು ಗ್ರಹವನ್ನು ಮುಟ್ಟದೆ ಸುತ್ತುವರಿದ ಉಂಗುರವೆಂದು ವಿವರಿಸಿದರು. ಈ ಹೈಗೆನ್ಸ್ ಪ್ರೊಟೆಸ್ಟೆಂಟ್ ಮನೆತನದವರು. ಅವರೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿದ್ದರು. ಕ್ರೈಸ್ತರು ಕ್ರೈಸ್ತರೊಡನೆಯೇ ಕಾದಾಡುತ್ತಿದ್ದ ಆ ಶತಮಾನದಲ್ಲಿ ಒಬ್ಬ ಕಥೋಲಿಕ, ಒಬ್ಬ ಪ್ರೊಟೆಸ್ಟೆಂಟ್ ಒಂದೇ ಗ್ರಹವನ್ನು ನೋಡುತ್ತ ಒಂದೇ ಸಂಸ್ಥೆಯಲ್ಲಿ ದುಡಿದರು.

ಕ್ಯಾಸಿನಿಯವರು 1671ರ ಅಕ್ಟೋಬರ್‌ನಲ್ಲಿ ಶನಿಯ ಇನ್ನೊಂದು ಉಪಗ್ರಹವನ್ನು ಕಂಡರು. ಇಂದು ಅದರ ಹೆಸರು ಐಯಾಪಿಟಸ್. ಮರುವರ್ಷ ರಿಯಾ, 1684ರಲ್ಲಿ ಟೆಥಿಸ್ ಮತ್ತು ಡಯೋನಿ. ಈ ಕೊನೆಯ ಎರಡನ್ನು ಕಾಣಲು ನೂರು ಅಡಿಗೂ ಮಿಕ್ಕ ದೂರದಲ್ಲಿ ಮಸೂರವನ್ನು ಎತ್ತರಕ್ಕೇರಿಸಿ ನಿಲ್ಲಿಸಿ, ಕೆಳಗೆ ಕತ್ತಲಲ್ಲಿ ನಿಂತು ಕಣ್ಣು ಹಿಡಿಯಬೇಕಿತ್ತು. ಪ್ಯಾರಿಸ್ಸಿನ ಚಳಿಗಾಲದ ರಾತ್ರಿಯಲ್ಲಿ ಅದೆಂಥ ತಾಳ್ಮೆ!

ಐಯಾಪಿಟಸ್ ಅವರನ್ನು ಬಹಳ ಕಾಡಿಸಿತು. ಶನಿಯ ಪಶ್ಚಿಮಕ್ಕೆ ಬಂದಾಗ ಅದು ಕಾಣುತ್ತದೆ. ಪೂರ್ವಕ್ಕೆ ಹೋದರೆ ಮಾಯ! ಬೇರೆಯವರಾಗಿದ್ದರೆ ಅದಕ್ಕೊಂದು ಅಪಶಕುನದ ಕಥೆ ಕಟ್ಟುತ್ತಿದ್ದರೇನೋ. ಕ್ಯಾಸಿನಿಯವರು ಕುಳಿತು ಯೋಚಿಸಿದರು. ಆ ಉಪಗ್ರಹದ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕಪ್ಪಗೆ ಇರಬೇಕು. ನಮ್ಮ ಚಂದ್ರನಂತೆ ಅದೂ ತನ್ನ ಗ್ರಹಕ್ಕೆ ಯಾವಾಗಲೂ ಒಂದೇ ಮುಖ ತೋರುತ್ತಿರಬೇಕು ಎಂದು ತೀರ್ಮಾನಿಸಿದರು. 1705ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ಇನ್ನೂ ಉತ್ತಮ ದೂರದರ್ಶಕದಲ್ಲಿ ಪೂರ್ವದ ಕಡೆಗೂ ಅದು ಮಂಕಾಗಿ ಕಂಡಿತು. 34 ವರ್ಷ ಕಾದ ಮೇಲೆ!

1675ರಲ್ಲಿ ಅವರಿಗೆ ಶನಿಯ ಉಂಗುರ ಒಂದಲ್ಲ, ಎರಡು ಎಂದು ಕಂಡಿತು. ನಡುವೆ ತೆಳುವಾದ ಕಪ್ಪು ಗೆರೆ. ಅದೇ ಇಂದಿನ ಪಠ್ಯಪುಸ್ತಕಗಳ ಕ್ಯಾಸಿನಿ ಸೀಳು. ನಮಗೆ ಗೆರೆಯಂತೆ ಕಾಣುವ ಅದರ ಅಗಲ ಸುಮಾರು 4,800 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೂರದ ಒಂದೂವರೆ ಪಟ್ಟು! ಉಂಗುರ ಗಟ್ಟಿಯಾದ ತಟ್ಟೆಯಲ್ಲ, ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಕಾಯಗಳು ಒಟ್ಟಾಗಿ ಸುತ್ತುತ್ತಿರಬಹುದೆಂದೂ ಅವರು ಊಹಿಸಿದರು.

1672ರಲ್ಲಿ ತಮ್ಮ ಜೊತೆಗಾರ ರಿಶೇರ್ ಅವರನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಕಳುಹಿಸಿ, ಎರಡು ಕಡೆಗಳಿಂದ ಮಂಗಳನನ್ನು ನೋಡಿ ಸೂರ್ಯನ ದೂರವನ್ನು ಲೆಕ್ಕಹಾಕಿದರು. ಸುಮಾರು 14 ಕೋಟಿ ಕಿ.ಮೀ. ಎಂದು ಬಂತು. ಇಂದು ನಮಗೆ ಗೊತ್ತಿರುವ ದೂರ ಸುಮಾರು 15 ಕೋಟಿ ಕಿ.ಮೀ. ಆ ಕಾಲದ ಸಾಧನಗಳಿಗೆ ಇದು ಬೆರಗಿನ ನಿಖರತೆ.

ದೊಡ್ಡವರೂ ತಪ್ಪುತ್ತಾರೆ

ನಾವು ಮಹಾತ್ಮರ ಚರಿತ್ರೆ ಹೇಳುವಾಗ ಅವರ ಕುಂದುಗಳನ್ನು ಮರೆಮಾಡುವುದುಂಟು. ಹಾಗೆ ಮಾಡುವುದು ಬೇಡ. ಕ್ಯಾಸಿನಿಯವರ ಪಟ್ಟಿಗಳನ್ನೇ ಬಳಸಿ, ಅದೇ ವೀಕ್ಷಣಾಲಯದಲ್ಲಿದ್ದ ಡೆನ್ಮಾರ್ಕಿನ ಯುವಕ ಓಲೆ ರೋಮರ್ 1676ರಲ್ಲಿ ಬೆಳಕು ಸಾಗಲು ಸಮಯ ಹಿಡಿಯುತ್ತದೆಂದು ತೋರಿಸಿದರು. ಕ್ಯಾಸಿನಿಯವರಿಗೂ ಮೊದಲು ಆ ಯೋಚನೆ ಬಂದಿತ್ತು. ಆದರೆ ಅವರು ಅದನ್ನು ಕೈಬಿಟ್ಟರು. ಯುವಕನ ಮಾತನ್ನು ಒಪ್ಪಲೂ ಇಲ್ಲ. ಇಂಗ್ಲೆಂಡಿನ ನ್ಯೂಟನ್ನರ ಗುರುತ್ವಾಕರ್ಷಣೆಯನ್ನೂ ಅವರು ಒಪ್ಪಲಿಲ್ಲ. ಎರಡು ವಿಷಯಗಳಲ್ಲೂ ಕಾಲ ಅವರ ವಿರುದ್ಧ ತೀರ್ಪು ಕೊಟ್ಟಿತು.

ಇದರಲ್ಲಿ ನಮಗೊಂದು ಪಾಠವಿದೆ. ಅನುಭವಸ್ಥರಾದ ಹಿರಿಯರು ಕೆಲವೊಮ್ಮೆ ಕಿರಿಯರ ಮಾತಿಗೆ ಕಿವಿಗೊಡುವುದಿಲ್ಲ. ಮನೆಯಲ್ಲಿ ಮಗ ಮಗಳು ಹೊಸದೇನನ್ನೋ ಹೇಳಿದಾಗ ನಾವು ಏನು ಮಾಡುತ್ತೇವೆ? ಆದರೂ ಕ್ಯಾಸಿನಿಯವರ ಒಂದು ಗುಣವನ್ನು ಮೆಚ್ಚಬೇಕು. ಅವರು ಬರೆದಿಟ್ಟ ಅಳತೆಗಳು ಪ್ರಾಮಾಣಿಕವಾಗಿದ್ದವು. ಅದರಿಂದಲೇ, ಅವರು ಒಪ್ಪದಿದ್ದ ಸತ್ಯವನ್ನು ಕೂಡ ಬೇರೆಯವರು ಅವರ ಅಳತೆಗಳಿಂದಲೇ ಕಂಡುಕೊಂಡರು.

ಕಣ್ಣು ಮುಚ್ಚಿದ ಮೇಲೆ

ಜೀವಮಾನವಿಡೀ ಕಣ್ಣನ್ನೇ ನಂಬಿ ದುಡಿದ ಕ್ಯಾಸಿನಿಯವರಿಗೆ ಕೊನೆಯ ವರ್ಷಗಳಲ್ಲಿ ದೃಷ್ಟಿ ಪೂರ್ತಿ ಹೋಯಿತು. ನಾಲ್ಕು ಉಪಗ್ರಹಗಳನ್ನು ಕಂಡ ಕಣ್ಣಿಗೆ ಎದುರಿಗಿದ್ದ ಮಗನ ಮುಖವೂ ಕಾಣದಾಯಿತು. ಮನುಷ್ಯ ಕಹಿಯಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ಆದರೆ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಫೊಂತನೆಲ್ ಅವರು ಕ್ಯಾಸಿನಿಯವರ ಮರಣಾನಂತರದ ಶ್ರದ್ಧಾಂಜಲಿಯಲ್ಲಿ ದಾಖಲಿಸಿರುವಂತೆ, ಕುರುಡುತನ ಅವರ ಪ್ರಸನ್ನತೆಯನ್ನು ಕಸಿಯಲಿಲ್ಲ, ಅವರ ದೈವಭಕ್ತಿ ಆಳವಾಗಿತ್ತು. ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆಂಬ ಹತ್ತೊಂಬತ್ತನೆಯ ಕೀರ್ತನೆಯ ಭಾವವನ್ನು ಅವರಷ್ಟು ಬಾಳಿ ತೋರಿಸಿದವರು ಅಪರೂಪ.

ವೀಕ್ಷಣಾಲಯದ ಹೊಣೆಯನ್ನು ಅವರು ಮಗ ಜಾಕ್ ಅವರಿಗೆ ಒಪ್ಪಿಸಿದರು. ಜಾಕ್ ಅವರ ನಂತರ ಮೊಮ್ಮಗ, ಮೊಮ್ಮಗನ ನಂತರ ಮರಿಮಗ. ಹೀಗೆ ಫ್ರಾನ್ಸಿನ ಕ್ರಾಂತಿಯ ಕಾಲದವರೆಗೆ ನಾಲ್ಕು ತಲೆಮಾರುಗಳು ಒಂದೇ ಕೆಲಸವನ್ನು ಮುಂದುವರಿಸಿದವು. ಮೊಮ್ಮಗ ಸೀಸರ್ ಫ್ರಾನ್ಸ್ವಾ ಇಡೀ ಫ್ರಾನ್ಸಿನ ನಿಖರ ನಕ್ಷೆಯ ಮಹಾಕಾರ್ಯವನ್ನು ಕೈಗೊಂಡರು. ತಂದೆ ಮಕ್ಕಳಿಗೆ ಆಸ್ತಿ ಬಿಟ್ಟುಹೋಗುವುದು ಸುಲಭ. ಕೆಲಸದ ಮೇಲಿನ ಪ್ರೀತಿಯನ್ನು ಬಿಟ್ಟುಹೋಗುವುದು ಕಷ್ಟ.

1712ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ವಿಜಯೋತ್ಸವದ ದಿನ, 87ನೆಯ ವಯಸ್ಸಿನಲ್ಲಿ ಕ್ಯಾಸಿನಿಯವರು ಪ್ಯಾರಿಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ವೀಕ್ಷಣಾಲಯಕ್ಕೆ ಹತ್ತಿರದ ಸಂತ ಯಾಕೋಬರ ದೇವಾಲಯದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಅವರ ಹೆಸರು ಹೊತ್ತ ನೌಕೆ

ಅವರು ಕಣ್ಣಿನಿಂದ ಮುಟ್ಟಿದ್ದನ್ನು ಹತ್ತಿರದಿಂದ ನೋಡುವ ಕಾಲ ಮೂರು ಶತಮಾನಗಳ ಮೇಲೆ ಬಂತು. 1997ರ ಅಕ್ಟೋಬರ್ 15ರಂದು ಅಮೆರಿಕದಿಂದ ಒಂದು ಗಗನನೌಕೆ ಹೊರಟಿತು. ಅಮೆರಿಕ, ಯುರೋಪ್ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆಗಳು ಕೂಡಿ ಮಾಡಿದ ಆ ನೌಕೆಯ ಹೆಸರು ಕ್ಯಾಸಿನಿ. ಅದರ ಮಡಿಲಲ್ಲಿದ್ದ ಚಿಕ್ಕ ನೌಕೆಯ ಹೆಸರು ಹೈಗೆನ್ಸ್. ಪ್ಯಾರಿಸ್ಸಿನಲ್ಲಿ ಒಟ್ಟಿಗೆ ದುಡಿದ ಆ ಇಬ್ಬರು ಮತ್ತೆ ಜೊತೆಯಾಗಿ ಹೊರಟಂತಾಯಿತು! ಏಳು ವರ್ಷ ಪಯಣಿಸಿ 2004ರ ಜುಲೈ 1ರಂದು ನೌಕೆ ಶನಿಯನ್ನು ತಲುಪಿತು.

2005ರ ಜನವರಿ 14ರಂದು ಹೈಗೆನ್ಸ್ ನೌಕೆ ಟೈಟನ್ನಿನ ದಟ್ಟ ಮಂಜಿನೊಳಗೆ ಎರಡೂವರೆ ಗಂಟೆ ಇಳಿದು ನೆಲ ಮುಟ್ಟಿತು. ಅಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಚಿತ್ರದಲ್ಲಿ ಕಂಡದ್ದು ನಮ್ಮ ಹೊಳೆದಂಡೆಯ ಉರುಟು ಕಲ್ಲುಗಳಂಥ ಮಂಜುಗಡ್ಡೆಯ ತುಣುಕುಗಳು. ಅಲ್ಲಿ ಮಳೆಯಿದೆ, ಹೊಳೆಯಿದೆ, ಸರೋವರಗಳಿವೆ. ಆದರೆ ಹರಿಯುವುದು ನೀರಲ್ಲ, ದ್ರವರೂಪದ ಮೀಥೇನ್.

ಎನ್ಸೆಲಡಸ್ ಎಂಬ ಉಪಗ್ರಹದ ಅಡ್ಡಳತೆ ಕೇವಲ 500 ಕಿ.ಮೀ. 2005ರಲ್ಲಿ ಅದರ ದಕ್ಷಿಣ ಧ್ರುವದಿಂದ ನೀರಿನ ಆವಿ ಮತ್ತು ಹಿಮದ ಕಾರಂಜಿಗಳು ಚಿಮ್ಮುವುದನ್ನು ನೌಕೆ ಕಂಡಿತು. ಆ ಕಾರಂಜಿಗಳೊಳಗೇ ಹಾದು ರುಚಿ ನೋಡಿತು ಎನ್ನಬಹುದು: ಉಪ್ಪು, ಸಾವಯವ ವಸ್ತುಗಳು, ಹೈಡ್ರೋಜನ್ ಅನಿಲ ಸಿಕ್ಕವು. ಮಂಜುಗಡ್ಡೆಯ ಚಿಪ್ಪಿನ ಕೆಳಗೆ ಒಂದು ಸಮುದ್ರವೇ ಇದೆ! ಅಲ್ಲಿ ಜೀವ ಕಂಡಿಲ್ಲ. ಜೀವಕ್ಕೆ ಬೇಕಾದ ಹಲವು ಸಾಮಗ್ರಿಗಳು ಮಾತ್ರ ಇವೆ.

ಇನ್ನು ಕ್ಯಾಸಿನಿಯವರ ಊಹೆಗಳ ಗತಿ ಏನಾಯಿತು? ಉಂಗುರಗಳು ಕೋಟ್ಯಂತರ ಹಿಮದ ತುಣುಕುಗಳೇ; ಕೆಲವು ಮರಳಿನ ಕಣದಷ್ಟು, ಕೆಲವು ಮನೆಯಷ್ಟು. ಲಕ್ಷಾಂತರ ಕಿ.ಮೀ. ಹರಡಿದ್ದರೂ ಬಹಳ ಕಡೆ ದಪ್ಪ ಸುಮಾರು 10 ಮೀಟರ್ ಮಾತ್ರ. ಅವರು ಕಂಡ ಕಪ್ಪು ಸೀಳು ಕೂಡ ಪೂರ್ತಿ ಬರಿದಲ್ಲ. ಅದರೊಳಗೂ ನವಿರಾದ ಉಂಗುರಗಳಿವೆ. 2007ರ ಸೆಪ್ಟೆಂಬರ್‌ನಲ್ಲಿ ನೌಕೆ ಐಯಾಪಿಟಸ್‌ನ ಸಮೀಪ ಹಾದಾಗ, ಒಂದು ಮಗ್ಗುಲು ಹಿಮದಂತೆ ಬೆಳ್ಳಗೆ, ಇನ್ನೊಂದು ಇದ್ದಿಲಿನಂತೆ ಕಪ್ಪಗೆ ಇರುವುದು ಸ್ಪಷ್ಟವಾಗಿ ಕಂಡಿತು. ಹೊರಗಿನಿಂದ ಬಂದು ಬೀಳುವ ಕಪ್ಪು ಧೂಳು ಬಿಸಿಲಿಗೆ ಕಾದು, ಅಲ್ಲಿನ ಹಿಮ ಆವಿಯಾಗಿ ತಂಪಾದ ಕಡೆಗೆ ಸರಿಯುತ್ತದೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಆ ಕಪ್ಪು ಪ್ರದೇಶಕ್ಕೂ ಕ್ಯಾಸಿನಿಯವರ ಹೆಸರನ್ನೇ ಇಟ್ಟಿದ್ದಾರೆ.

2013ರ ಜುಲೈ 19ರಂದು ನೌಕೆ ಶನಿಯ ನೆರಳಿನಲ್ಲಿ ನಿಂತು ಹಿಂದಿರುಗಿ ನೋಡಿತು. ಉಂಗುರಗಳ ಕೆಳಗೆ ಒಂದು ನೀಲಿ ಚುಕ್ಕಿ. 144 ಕೋಟಿ ಕಿ.ಮೀ. ದೂರದ ನಮ್ಮ ಭೂಮಿ! ನಮ್ಮಲ್ಲಿ ಆಗ ನಡುರಾತ್ರಿ ಕಳೆದು ಮೂರರ ಹೊತ್ತು. ನೀವೂ ನಿಮ್ಮ ಮಕ್ಕಳೂ ನಿದ್ದೆಯಲ್ಲಿದ್ದಿರಿ; ಆದರೂ ಆ ಚುಕ್ಕಿಯಲ್ಲಿ ನೀವಿದ್ದೀರಿ. ಇಷ್ಟು ಸಣ್ಣ ಮನುಷ್ಯನನ್ನು ದೇವರು ಏಕೆ ನೆನೆಯುತ್ತಾರೆಂಬ ಎಂಟನೆಯ ಕೀರ್ತನೆಯ ಬೆರಗು ಆ ಚಿತ್ರ ನೋಡಿದವರಿಗೆ ಅರ್ಥವಾಗುತ್ತದೆ.

ಇಂಧನ ಮುಗಿಯುತ್ತ ಬಂದಾಗ ವಿಜ್ಞಾನಿಗಳು ನೌಕೆಯನ್ನು ಸುಮ್ಮನೆ ಅಲೆಯಲು ಬಿಡಲಿಲ್ಲ. ಭೂಮಿಯ ಸೂಕ್ಷ್ಮಜೀವಿಗಳು ಅದಕ್ಕೆ ಅಂಟಿಕೊಂಡು ಹೋಗಿದ್ದರೆ ಎನ್ಸೆಲಡಸ್ ಅಥವಾ ಟೈಟನ್ ಮಲಿನವಾದೀತು. ಅದಕ್ಕಾಗಿ ಉಂಗುರಗಳಿಗೂ ಗ್ರಹಕ್ಕೂ ನಡುವೆ 22 ಸಾರಿ ಹಾಯಿಸಿ, 2017ರ ಸೆಪ್ಟೆಂಬರ್ 15ರಂದು ಶನಿಯೊಳಗೇ ಇಳಿಸಿ ಉರಿದುಹೋಗುವಂತೆ ಮಾಡಿದರು. ಕೊನೆಯ ಗಳಿಗೆಯವರೆಗೂ ಅದು ಭೂಮಿಗೆ ಮಾಹಿತಿ ಕಳುಹಿಸುತ್ತಲೇ ಇತ್ತು. ಒಟ್ಟು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳು! ತನಗೆ ಸೇರದ ಲೋಕವೊಂದನ್ನು ಕೆಡಿಸಬಾರದೆಂಬ ಆ ಎಚ್ಚರ ನಮ್ಮ ಕೆರೆ ತೊರೆಗಳ ಬಗೆಗೂ ನಮಗೆ ಬರಬೇಡವೇ?

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ಈಗ ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಹಿಮದ ಉಂಗುರ ತೊಟ್ಟು, ಸುಮಾರು 29 ವರ್ಷಕ್ಕೊಮ್ಮೆ ಸೂರ್ಯನ ಸುತ್ತ ಮೌನವಾಗಿ ನಡೆಯುವ ಆ ಗ್ರಹ ನಿಮ್ಮ ಮಗಳ ಮದುವೆಯನ್ನು ತಪ್ಪಿಸೀತೇ? ಅದೂ ನಮ್ಮಂತೆಯೇ ದೇವರು ಸೃಷ್ಟಿಸಿದ್ದು. ಸೃಷ್ಟಿಗೆ ಅಂಜಿ ನಡೆಯುವವನು ಸೃಷ್ಟಿಕರ್ತನನ್ನು ಮರೆತಂತೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಜಾತಕ, ಜ್ಯೋತಿಷ್ಯಗಳನ್ನು ತೊರೆಯಬೇಕೆಂದು ಸ್ಪಷ್ಟವಾಗಿ ಬೋಧಿಸುತ್ತದೆ. ಇದು ನೆರೆಯವರ ನಂಬಿಕೆಯನ್ನು ಹಳಿಯುವುದಕ್ಕಲ್ಲ. ನಮ್ಮ ಭರವಸೆ ಯಾರಲ್ಲಿದೆ ಎಂಬುದನ್ನು ನಮಗೆ ನೆನಪಿಸುವುದಕ್ಕೆ. ಆ ಗ್ರಹದ ಹೆಸರಿನ ಶನಿವಾರವನ್ನು ಕೂಡ ಧರ್ಮಸಭೆ ಮಾತೆ ಮರಿಯಮ್ಮನವರಿಗೆ ಮೀಸಲಿಟ್ಟಿದೆಯಲ್ಲವೇ?

ಮನೆಯಲ್ಲಿ ಕಷ್ಟ ಬಂದಾಗ ಕಾರಣವನ್ನು ಆಕಾಶದಲ್ಲಿ ಹುಡುಕಬೇಡಿ. ಮಗ ನಪಾಸಾದರೆ ಪಕ್ಕದಲ್ಲಿ ಕುಳಿತು ಅವನ ಪುಸ್ತಕ ತೆರೆದು ನೋಡಿ. ವ್ಯಾಪಾರ ಕುಸಿದರೆ ಲೆಕ್ಕ ತೆಗೆದು ನೋಡಿ. ಸಂಬಂಧ ಮುರಿದರೆ ಮಗಳ ಕಣ್ಣೀರೊರೆಸಿ, ಅವಳ ಜೊತೆ ಜಪಸರ ಮಾಡಿ. ಆಕಾಶವನ್ನು ಮಾತ್ರ ಸಂತೋಷಕ್ಕಾಗಿ ನೋಡಿ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೋ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಮಕ್ಕಳನ್ನು ಕರೆದೊಯ್ಯಿರಿ. ಶನಿ ಬರಿಗಣ್ಣಿಗೂ ಮಿನುಗದ ಹಳದಿ ನಕ್ಷತ್ರದಂತೆ ಕಾಣುತ್ತದೆ. ಚಿಕ್ಕ ದೂರದರ್ಶಕ ಸಿಕ್ಕಿದರೂ ಸಾಕು, ಉಂಗುರ ಕಂಡೀತು. ಅಂದು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಆ ಉಂಗುರಕ್ಕಾಗಿಯೂ ದೇವರಿಗೆ ವಂದನೆ ಸಲ್ಲಿಸಿ.